ಗೃಹಸ್ಥರಿಗೆ ಯೋಗಾಭ್ಯಾಸ

ವಾಚಕಿಯರಲ್ಲೊಬ್ಬರು ಹಿಂದಿನ ತಿಂಗಳು ನನಗೊಂದು ಕಾಗದವನ್ನು ಬರೆದಿದ್ದಾರೆ. “ತಾವು ಈ ಪುಟದಲ್ಲಿ ಆಹಾರದ ವಿಷಯವನ್ನು ಬರೆದಿರಿ, ನಿದ್ರೆಯ ವಿಷಯವನ್ನು ಬರೆದಿರಿ, ಯೋಗದ ಮಾತನ್ನು ಮಾತ್ರ ಎತ್ತಲೇ ಇಲ್ಲ. ಬೆಳಗಿನ ಜಾವ ಐದು ಗಂಟೆಗೆ ಎದ್ದು, ಒಲೆ, ನೀರು, ಮಕ್ಕಳ ಪಾಠ, ಯಜಮಾನರ ಬುತ್ತಿ ಎಂದು ಓಡಾಡುವ ನಮ್ಮಂಥವರಿಗೆ ಅದು ಸಾಧ್ಯವೇ? ಸಾಧ್ಯವಾದರೆ ಅದರಿಂದ ನಿಜವಾಗಿ ಆಗುವ ಪ್ರಯೋಜನವೇನು?” ಎಂಬುದು ಅವರ ಪ್ರಶ್ನೆ. ಪ್ರಶ್ನೆಯು ಯುಕ್ತವಾಗಿದೆ. ನಾನು ಈವರೆಗೆ ಸುಮ್ಮನಿದ್ದುದಕ್ಕೆ ಕಾರಣವು ವಿಷಯದ ಅಭಾವವಲ್ಲ, ಸಂಕೋಚ. ಆ ಸಂಕೋಚವು ಎಲ್ಲಿಂದ ಬಂದಿತೆಂಬುದನ್ನು ಮುಂದೆ ಹೇಳುವೆನು.

ಮೊದಲು ಶಬ್ದದ ಅರ್ಥವನ್ನು ನೋಡೋಣ. ಹಳೆಯ ಮೇಷ್ಟರ ಅಭ್ಯಾಸವನ್ನು ವಾಚಕರು ಕ್ಷಮಿಸಬೇಕು. ಯೋಗಶಬ್ದವು ಯುಜ್ ಎಂಬ ಧಾತುವಿನಿಂದ ಬಂದುದು. ಧಾತುಪಾಠದಲ್ಲಿ ಈ ಧಾತುವಿಗೆ ಒಂದೆಡೆ ಕೂಡಿಸುವುದು ಎಂಬ ಅರ್ಥವನ್ನೂ ಮತ್ತೊಂದೆಡೆ ಸಮಾಧಿ, ಎಂದರೆ ಚಿತ್ತವು ನೆಲೆಗೊಳ್ಳುವುದು ಎಂಬ ಅರ್ಥವನ್ನೂ ಹೇಳಿದೆ. ಪತಂಜಲಿಯ ಸೂತ್ರಗಳಿಗೆ ಭಾಷ್ಯವನ್ನು ಬರೆದ ವ್ಯಾಸರು ಈ ಎರಡನೆಯ ಅರ್ಥವನ್ನೇ ಹಿಡಿದಿದ್ದಾರೆ. ಯೋಗಸೂತ್ರಗಳು ನಾಲ್ಕು ಪಾದಗಳಲ್ಲಿ ಒಟ್ಟು 195. ಕೆಲವು ಪಾಠಗಳಲ್ಲಿ 196. ಇವುಗಳಲ್ಲಿ ಆಸನಕ್ಕೆಂದೇ ಮೀಸಲಾದುವು ಮೂರೇ ಮೂರು ಎಂದರೆ ಈ ಕಾಲದವರಿಗೆ ಆಶ್ಚರ್ಯವಾದೀತು. ಆಸನವು ಅಲುಗದಂತಿರಬೇಕು, ಸುಖವಾಗಿಯೂ ಇರಬೇಕು. ಪ್ರಯತ್ನದ ಬಿಗುವು ಸಡಿಲವಾದಾಗ ಅದು ಸಿದ್ಧಿಸುತ್ತದೆ ಎಂಬುದೇ ಅವುಗಳ ತಾತ್ಪರ್ಯ. ಕಾಲನ್ನು ಕೊರಳಿಗೆ ಸುತ್ತಬೇಕೆಂದು ಪತಂಜಲಿಯು ಎಲ್ಲಿಯೂ ವಿಧಿಸಿಲ್ಲ.

ಆಸನಗಳ ವಿಸ್ತಾರವು ಅನಂತರದ ಹಠಯೋಗಗ್ರಂಥಗಳಲ್ಲಿ ಬಂದುದು. ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯಲ್ಲಿ 15 ಆಸನಗಳ ವಿವರಣೆಯುಂಟು, ಘೇರಂಡಸಂಹಿತೆಯಲ್ಲಿ 32. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳನ್ನು ಚಿತ್ರಸಮೇತವಾಗಿ ತೋರಿಸಿದೆ. ಇಂದು ಲೋಕದಲ್ಲೆಲ್ಲಾ ಹರಡಿರುವ ಆಸನವಿದ್ಯೆಗೆ ಮೈಸೂರು ಒಂದು ಮುಖ್ಯವಾದ ಮೂಲಸ್ಥಾನವೆಂಬುದನ್ನು ನಾವು ಮರೆಯಬಾರದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1933ರಲ್ಲಿ, ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೆ ಕೃಷ್ಣಮಾಚಾರ್ಯರು ಪಾಠವನ್ನು ಆರಂಭಿಸಿದರು. ಅವರು 1934ರಲ್ಲಿ ಪ್ರಕಟಿಸಿದ ‘ಯೋಗಮಕರಂದ’ವು ಕನ್ನಡದ ಗ್ರಂಥ.

ಅದೇ 1934ರಲ್ಲಿ ಅವರ ಬಳಿಗೆ ಹದಿನೈದು ಹದಿನಾರು ವರ್ಷದ ಒಬ್ಬ ಕೃಶನಾದ ಹುಡುಗನು ಬಂದನು. ಅವನು ಆಚಾರ್ಯರ ಪತ್ನಿಯ ತಮ್ಮ. 1918ರ ಇನ್‌ಫ್ಲುಯೆಂಜಾ ಪಿಡುಗಿನ ಕಾಲದಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವನು. ಚಳಿಜ್ವರ, ಕ್ಷಯ, ವಿಷಮಜ್ವರಗಳಿಂದ ಬಾಲ್ಯವೆಲ್ಲಾ ನವೆದವನು. ಆ ಹುಡುಗನೇ ಮುಂದೆ ಬಿ. ಕೆ. ಎಸ್. ಅಯ್ಯಂಗಾರರೆಂದು ಲೋಕವಿಖ್ಯಾತರಾಗಿ, 2014ರಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೈ ಬಗ್ಗದವರಿಗೂ ರೋಗಿಗಳಿಗೂ ಆಸನವು ದಕ್ಕಬೇಕೆಂದು ಕುರ್ಚಿ, ಹಗ್ಗ, ಮರದ ಇಟ್ಟಿಗೆ ಮೊದಲಾದ ಸಾಮಗ್ರಿಗಳನ್ನು ಅವರು ಬಳಕೆಗೆ ತಂದರು. ದುರ್ಬಲದೇಹದ ಕಷ್ಟವನ್ನು ತಾವೇ ಅನುಭವಿಸಿದವರಿಗೆ ಹೊಳೆಯುವ ಉಪಾಯವದು.

ಇಷ್ಟನ್ನೂ ನಾನು ಓದಿದ್ದೆ. ಮೂವತ್ತು ವರ್ಷಗಳ ಕಾಲ ಹೈಸ್ಕೂಲಿನ ಹುಡುಗರಿಗೆ ಅಷ್ಟಾಂಗಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿದ್ದೆ. ಅಭ್ಯಾಸವು ಮಾತ್ರ ಸೊನ್ನೆ. 2015ರ ಜೂನ್ 21ರಂದು ಮೊದಲನೆಯ ಅಂತಾರಾಷ್ಟ್ರೀಯ ಯೋಗದಿನವು ನಡೆಯಿತಷ್ಟೆ. ಆ ದಿನ ನಮ್ಮ ಶಾಲೆಯಲ್ಲಿ ಸಂಸ್ಕೃತದ ಅಧ್ಯಾಪಕನೆಂದು ನನ್ನಿಂದಲೇ ಭಾಷಣವನ್ನು ಮಾಡಿಸಿದರು. ಅರ್ಧ ಗಂಟೆ ಮಾತನಾಡಿದೆ, ಚಪ್ಪಾಳೆಯೂ ಆಯಿತು. ಆಮೇಲೆ ಎಲ್ಲರೂ ನೆಲದ ಮೇಲೆ ಕುಳಿತುಕೊಳ್ಳಬೇಕೆಂದರು. ನನಗೆ ಆಗ ಐವತ್ತು ವರ್ಷ. ಕುಳಿತುಕೊಳ್ಳುವುದೇನೋ ಹೇಗೋ ಆಯಿತು, ಏಳುವುದು ಆಗಲಿಲ್ಲ. ಎಂಟನೆಯ ತರಗತಿಯ ಒಬ್ಬ ಹುಡುಗನ ಹೆಗಲನ್ನು ಹಿಡಿದು ಎದ್ದೆ. ಆ ಮಗುವು ಯಾವ ಕುಚೋದ್ಯವೂ ಇಲ್ಲದೆ, “ಸಾರ್, ನಿಮಗೆ ಯೋಗ ಬರುವುದಿಲ್ಲವೆ?” ಎಂದು ಕೇಳಿತು. ನಾನು ಉತ್ತರ ಹೇಳಲಿಲ್ಲ.

ಅವಮಾನದಿಂದ ಹುಟ್ಟಿದ ಉತ್ಸಾಹವು ವಿವೇಕವನ್ನು ಕೇಳುವುದಿಲ್ಲ. ಮಾರನೆಯ ದಿನವೇ ಪುಸ್ತಕವನ್ನು ಎದುರಿಗಿಟ್ಟುಕೊಂಡು ಪಶ್ಚಿಮೋತ್ತಾನಾಸನಕ್ಕೆ ಕೈಹಾಕಿದೆ. ಒಂದು ವಾರದೊಳಗಾಗಿ ಕಾಲಿನ ಹೆಬ್ಬೆರಳನ್ನು ಹಿಡಿಯಲೇಬೇಕೆಂದು ಹಟತೊಟ್ಟು ಎಳೆದೆ. ಆರನೆಯ ದಿನ ಸೊಂಟವು ಹಿಡಿದುಕೊಂಡಿತು. ಹತ್ತೊಂಬತ್ತು ದಿನ ಹಾಸಿಗೆಯನ್ನು ಹಿಡಿದೆ. ಎಣ್ಣೆಯನ್ನು ತಿಕ್ಕುತ್ತಿದ್ದ ನನ್ನ ಗೃಹಿಣಿಯು ಒಂದೇ ಮಾತು ಕೇಳಿದಳು: “ರಾಮಶಬ್ದ ಬಾರದ ಹುಡುಗನಿಗೆ ನೀವು ಲಿಟ್ ಲಕಾರವನ್ನು ಹೇಳಿಕೊಡುತ್ತೀರಾ?” ನನ್ನ ಮೂವತ್ತು ವರ್ಷದ ಪಾಠವನ್ನು ಅಡಿಗೆಮನೆಯಿಂದ ಕೇಳಿಸಿಕೊಂಡವಳು ಅವಳು. ಸೊಂಟವು ಸರಿಯಾದ ಮೇಲೆ, ನಮ್ಮೂರಿನಲ್ಲಿ ವಿಶ್ರಾಂತರಾಗಿದ್ದ ಒಬ್ಬ ವ್ಯಾಯಾಮದ ಉಪಾಧ್ಯಾಯರ ಬಳಿಗೆ ಹೋಗಿ, ನಿಲ್ಲುವುದನ್ನೂ ಉಸಿರಾಡುವುದನ್ನೂ ಮೊದಲಿನಿಂದ ಕಲಿತೆ. ಅಂದಿನಿಂದ ಹತ್ತು ವರ್ಷಗಳು ಕಳೆದಿವೆ.

ಅಭ್ಯಾಸವು ಗಟ್ಟಿಯಾಗಿ ನೆಲೆಯೂರುವುದಕ್ಕೆ ಪತಂಜಲಿಯು ಮೂರು ನಿಬಂಧನೆಗಳನ್ನು ಹೇಳಿದ್ದಾನೆ: ಬಹುಕಾಲ ಮಾಡಬೇಕು, ನಡುವೆ ಬಿಡದೆ ಮಾಡಬೇಕು, ಆದರದಿಂದ ಮಾಡಬೇಕು. ಬಹಳ ಹೊತ್ತು ಮಾಡಬೇಕೆಂಬುದು ಈ ಮೂರರಲ್ಲಿ ಇಲ್ಲ. ಕಷ್ಟವಾದುದನ್ನು ಮಾಡಬೇಕೆಂಬುದೂ ಇಲ್ಲ. ಭಾನುವಾರ ಎರಡು ಗಂಟೆ ಮಾಡಿ ಆರು ದಿನ ಮಲಗುವವನಿಗಿಂತ, ದಿನಕ್ಕೆ ಇಪ್ಪತ್ತೈದು ನಿಮಿಷ ತಪ್ಪದೆ ಮಾಡುವವನಿಗೆ ಲಾಭವು ಹೆಚ್ಚು. ನಾನು ಈ ಲೇಖನದಲ್ಲಿ ಹೇಳಬೇಕಾದುದೆಲ್ಲವೂ ಇದೊಂದೇ.

ನಿತ್ಯವೂ ಮಾಡುವುದರಿಂದ ದೇಹಕ್ಕೆ ಆಗುವುದೇನು? ನಮ್ಮ ಕೀಲುಗಳಲ್ಲಿ ಎಲುಬಿನ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಮಡಿಸಿ ಬಿಚ್ಚುವಾಗ ಅದರೊಳಗಿನ ದ್ರವವು ಒತ್ತಿ ಹರಿದು, ಅದರ ಮೂಲಕವೇ ಆ ಮೃದ್ವಸ್ಥಿಗೆ ಪೋಷಣೆಯು ದೊರೆಯಬೇಕು. ಆದುದರಿಂದ ಅಲ್ಲಾಡದ ಕೀಲು ವಿಶ್ರಾಂತಿಯನ್ನು ಪಡೆಯುತ್ತಿದೆಯೆಂದು ತಿಳಿಯುವುದು ತಪ್ಪು, ಅದು ಉಪವಾಸವಿದೆ. ಕುರ್ಚಿಯ ಮೇಲೆ ಕುಳಿತು ಕಾಲ ಕಳೆಯುವವರ ತೊಡೆಯ ಹಿಂಭಾಗದ ಸ್ನಾಯುಗಳು ಬಿಗಿದು, ಬೆನ್ನಿನ ಸ್ನಾಯುಗಳು ಶಕ್ತಿಗುಂದುತ್ತವೆ. ವಾರಕ್ಕೊಮ್ಮೆ ಎಳೆದರೆ ಈ ಬಿಗುವು ಬಿಡುವುದಿಲ್ಲ; ಬಲವಂತವಾಗಿ ಎಳೆದರೆ ನನಗಾದಂತೆ ಆಗುತ್ತದೆ.

ಬೆನ್ನುನೋವಿನ ವಿಷಯದಲ್ಲಿ ಆಧುನಿಕ ವೈದ್ಯರೇ ಯೋಗಕ್ಕೆ ಮನ್ನಣೆಯನ್ನು ಕೊಟ್ಟಿದ್ದಾರೆ. ಅಮೆರಿಕದ ಬಾಸ್ಟನ್ ಪ್ರಾಂತದಲ್ಲಿ ದೀರ್ಘಕಾಲದ ಸೊಂಟನೋವಿದ್ದ 320 ಮಂದಿಯ ಮೇಲೆ ಪರೀಕ್ಷೆಯನ್ನು ನಡೆಸಿ 2017ರಲ್ಲಿ ಫಲವನ್ನು ಪ್ರಕಟಿಸಿದರು. ಹನ್ನೆರಡು ವಾರಗಳ ಸೌಮ್ಯವಾದ ಯೋಗಾಭ್ಯಾಸವು, ತಜ್ಞರು ಕೈಯಾರೆ ಮಾಡಿಸುವ ಅಂಗವ್ಯಾಯಾಮದ ಚಿಕಿತ್ಸೆಗೆ ಕಡಮೆಯಾಗಲಿಲ್ಲವೆಂಬುದು ಅದರ ಸಾರ. ಅದೇ ವರ್ಷ ಆ ದೇಶದ ವೈದ್ಯರ ಒಂದು ಮುಖ್ಯ ಸಂಸ್ಥೆಯು, ಇಂಥ ನೋವಿಗೆ ಔಷಧಕ್ಕಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳ ಸಾಲಿನಲ್ಲಿ ಯೋಗವನ್ನೂ ಸೇರಿಸಿತು. ಇದರಿಂದ ಸಕಲರೋಗಗಳೂ ಗುಣವಾಗುತ್ತವೆಂದು ಯಾರೂ ಹೇಳಿಲ್ಲ. ಹಾಗೆ ಹೇಳುವವರ ಮಾತನ್ನು ವಾಚಕರು ನಂಬಬೇಡಿರಿ.

ಮುಪ್ಪಿನವರಿಗೆ ಇನ್ನೊಂದು ಪ್ರಯೋಜನವುಂಟು, ಅದು ಬೀಳದಿರುವುದು. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆಯನ್ನು ಮುರಿದುಕೊಂಡ ಮೇಲೆ ಮತ್ತೆ ಮೇಲೇಳದ ಹಿರಿಯರನ್ನು ನಾವೆಲ್ಲರೂ ಕಂಡಿದ್ದೇವೆ. ಒಂಟಿಕಾಲಿನಲ್ಲಿ ನಿಲ್ಲುವ ವೃಕ್ಷಾಸನವು ನೋಡುವುದಕ್ಕೆ ಸಾಧಾರಣ. ಆದರೆ ಆಗ ಪಾದದ ಸಣ್ಣಸಣ್ಣ ಸ್ನಾಯುಗಳು, ಕಣ್ಣು, ಒಳಗಿವಿಯ ಸಮತೋಲದ ಅಂಗ ಇವೆಲ್ಲವೂ ಒಂದಾಗಿ ಕೆಲಸಮಾಡಬೇಕಾಗುತ್ತದೆ. ದಿನವೂ ಮಾಡಿಸಿದರೆ ಆ ಕೆಲಸವನ್ನು ಮರೆಯುವುದಿಲ್ಲ. ಅರುವತ್ತೈದು ದಾಟಿದವರು ವಾರದಲ್ಲಿ ಮೂರು ದಿನವಾದರೂ ಸಮತೋಲವನ್ನು ಬೆಳೆಸುವ ವ್ಯಾಯಾಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ.

ಇನ್ನು ಉಸಿರಿನ ವಿಷಯ. ದೇಹದ ಯಂತ್ರಗಳಲ್ಲಿ ಹೃದಯವು ನಮ್ಮ ಮಾತನ್ನು ಕೇಳುವುದಿಲ್ಲ, ಜಠರವೂ ಕೇಳುವುದಿಲ್ಲ. ಉಸಿರು ಮಾತ್ರ ತಾನಾಗಿಯೂ ನಡೆಯುತ್ತದೆ, ನಾವು ನಡೆಯಿಸಿದಂತೆಯೂ ನಡೆಯುತ್ತದೆ. ಆದುದರಿಂದ ಒಳಮನೆಗೆ ಹೋಗುವ ಬಾಗಿಲು ಅದೇ. ಉಸಿರನ್ನು ಒಳಕ್ಕೆಳೆದುಕೊಳ್ಳುವಾಗ ಹೃದಯದ ಬಡಿತವು ತುಸು ವೇಗವಾಗುತ್ತದೆ, ಹೊರಬಿಡುವಾಗ ತುಸು ನಿಧಾನವಾಗುತ್ತದೆ. ಮಿದುಳಿನಿಂದ ಹೃದಯಕ್ಕಿಳಿಯುವ ವೇಗಸ್ ಎಂಬ ನರದ ಕೆಲಸವಿದು. ರೇಚಕವನ್ನು, ಎಂದರೆ ಹೊರಬಿಡುವ ಉಸಿರನ್ನು, ದೀರ್ಘಮಾಡಿದವನ ಎದೆಬಡಿತವು ಶಾಂತವಾಗುವುದಕ್ಕೆ ಇದೇ ಕಾರಣ. ವಿಶ್ರಾಂತಿಯಲ್ಲಿರುವ ಮನುಷ್ಯನು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. 2001ರಲ್ಲಿ ಇಟಲಿಯ ಬೆರ್ನಾರ್ಡಿ ಎಂಬ ವೈದ್ಯವಿಜ್ಞಾನಿಯೂ ಅವರ ಸಂಗಡಿಗರೂ ಒಂದು ಕುತೂಹಲದ ಪರೀಕ್ಷೆಯನ್ನು ಪ್ರಕಟಿಸಿದರು. ಆರೋಗ್ಯವಂತರಾದ 23 ಮಂದಿಯಿಂದ ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ, ಅನಂತರ ಯೋಗದ ಮಂತ್ರವೊಂದನ್ನೂ ಹೇಳಿಸಿದರು. ಎರಡರಲ್ಲಿಯೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ರಕ್ತದ ಒತ್ತಡವನ್ನು ಹದದಲ್ಲಿಡುವ ಪ್ರತಿಕ್ರಿಯೆಯು ಚುರುಕಾಯಿತು. ದೇವರ ಹೆಸರು ಬೇರೆ, ಉಸಿರಿನ ಲೆಕ್ಕವೊಂದೇ.

ಮನಸ್ಸಿಗೆ ಆಗುವ ಪ್ರಯೋಜನವನ್ನು ಹೇಳಬೇಕಾದರೆ ನನ್ನ ಮನೆಯ ಒಂದು ಕಷ್ಟವನ್ನು ಹೇಳಬೇಕಾಗುತ್ತದೆ. ಚಿತ್ತವು ಚೆದರಿದಾಗ ಜೊತೆಗೂಡಿ ಬರುವ ಐವರನ್ನು ಪತಂಜಲಿಯು ಎಣಿಸಿದ್ದಾನೆ: ದುಃಖ, ಮನಸ್ಸಿನ ಕುಗ್ಗು, ಅಂಗಾಂಗಗಳ ನಡುಕ, ಹಿಡಿತಕ್ಕೆ ಸಿಕ್ಕದ ಒಳಉಸಿರು, ಹಿಡಿತಕ್ಕೆ ಸಿಕ್ಕದ ಹೊರಉಸಿರು. ಈ ಪಟ್ಟಿಯನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆದಿದ್ದೆ. ಅದರ ಅರ್ಥವು ತಿಳಿದುದು 2021ರ ಮೇ ತಿಂಗಳಿನಲ್ಲಿ. ಆ ಮಹಾಮಾರಿಯ ಕಾಲದಲ್ಲಿ ನನ್ನ ತಮ್ಮನು ದೂರದ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡನು. ಅವನಿಗೆ ಐವತ್ತೆರಡು ವರ್ಷ. ಮುಖವನ್ನು ನೋಡಲಾಗಲಿಲ್ಲ, ಹೆಗಲು ಕೊಡಲಾಗಲಿಲ್ಲ. ರಾತ್ರಿಗಳಲ್ಲಿ ನಿದ್ರೆ ಬಾರದು. ನೀರಿನ ಲೋಟವನ್ನೆತ್ತಿದರೆ ಕೈ ನಡುಗಿ ಅರ್ಧ ಚೆಲ್ಲುವುದು. ಉಸಿರು ಎದೆಯ ಮೇಲ್ಭಾಗದಲ್ಲಿಯೇ ಬಂದು ಹೋಗುವುದು. ಐವರೂ ಸಾಲಾಗಿ ಬಂದು ಮನೆಯಲ್ಲಿ ಕುಳಿತಿದ್ದರು.

ಅಭ್ಯಾಸವನ್ನು ಬಿಟ್ಟಿದ್ದೆ. ಹದಿನಾಲ್ಕನೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನಡುಮನೆಯಲ್ಲಿ ನನ್ನ ಚಾಪೆಯು ಹಾಸಿದೆ. ಅವಳು ಏನನ್ನೂ ಹೇಳಲಿಲ್ಲ. ಒಲೆಯ ಮುಂದೆ ಇದ್ದಳು. ಆಸನಗಳನ್ನು ಮಾಡುವ ಶಕ್ತಿಯಿರಲಿಲ್ಲ. ಗೋಡೆಗೆ ಒರಗಿ ಕುಳಿತು ಉಸಿರನ್ನು ಎಣಿಸಿದೆ. ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಎಣಿಕೆಯು ಎಷ್ಟೋ ಸಲ ತಪ್ಪಿತು, ಎಷ್ಟೋ ಸಲ ಅಳು ಬಂದಿತು. ಮಾರನೆಯ ದಿನವೂ ಚಾಪೆ ಹಾಸಿತ್ತು. ಮೂರನೆಯ ವಾರದಲ್ಲಿ ಕೈನಡುಕವು ನಿಂತಿತು. ರಾತ್ರಿ ನಾಲ್ಕು ಗಂಟೆಗಳ ನಿದ್ರೆಯು ಬರತೊಡಗಿತು. ತಮ್ಮನ ಮಗಳಿಗೆ ಕಾಗದವನ್ನು ಬರೆದು, ಅವಳ ಓದಿನ ವ್ಯವಸ್ಥೆಯನ್ನು ನೋಡುವಷ್ಟು ನೆಟ್ಟಗೆ ನಿಂತೆ. ಅವಳು ಈಗ ಓದನ್ನು ಮುಗಿಸಿದ್ದಾಳೆ.

ದುಃಖವು ಹೋಯಿತೆಂದು ನಾನು ಹೇಳುವುದಿಲ್ಲ. ಹೋಗಬೇಕೆಂದು ನನಗೆ ಅಪೇಕ್ಷೆಯೂ ಇಲ್ಲ; ಅವನು ನನ್ನ ತಮ್ಮ. ಆದರೆ ಐವರಲ್ಲಿ ನಡುಕವೂ ಉಸಿರುಗಳೆರಡೂ ಹೊರಟುಹೋದ ಮೇಲೆ, ಉಳಿದ ಇಬ್ಬರ ಸಂಗಡ ಬಾಳುವುದು ಸಾಧ್ಯವಾಯಿತು. ದುಃಖಕ್ಕೂ ಕುಗ್ಗಿಗೂ ನಾವು ಆಜ್ಞೆಯನ್ನು ಮಾಡಲಾರೆವು. ಕೈಕಾಲುಗಳಿಗೆ ಮಾಡಬಲ್ಲೆವು, ಉಸಿರಿಗೆ ಮಾಡಬಲ್ಲೆವು. ಮನಸ್ಸನ್ನು ತಿಳಿಯಾಗಿಸುವ ಉಪಾಯಗಳಲ್ಲಿ ಪತಂಜಲಿಯು ಉಸಿರನ್ನು ಹೊರಚೆಲ್ಲಿ ನಿಲ್ಲಿಸುವುದನ್ನೂ ಏಕೆ ಸೇರಿಸಿದ್ದಾನೆಂಬುದು ನನಗೆ ಆಗ ತಿಳಿಯಿತು. ಇನ್ನೊಂದು ಮಾತು: ಮೊದಲಿನ ಆರು ವರ್ಷಗಳ ಅಭ್ಯಾಸವಿಲ್ಲದಿದ್ದರೆ ಆ ದಿನ ಚಾಪೆಯ ಮೇಲೆ ಕುಳಿತುಕೊಳ್ಳುವುದಕ್ಕೂ ನನಗೆ ತಿಳಿಯುತ್ತಿರಲಿಲ್ಲ. ಬಾವಿಯನ್ನು ಮನೆಗೆ ಬೆಂಕಿ ಬೀಳುವ ಮುಂಚೆಯೇ ತೋಡಿರಬೇಕು. ಆದರೆ ವಾರಗಟ್ಟಲೆ ನಿದ್ರೆಯೂ ಹಸಿವೂ ಹಿಂದಿರುಗದೆ, ಬದುಕೇ ಬೇಡವೆನ್ನಿಸುವವರು ಯೋಗವನ್ನು ನೆಚ್ಚಿ ಕೂರದೆ ವೈದ್ಯರ ಬಳಿಗೆ ಹೋಗತಕ್ಕದ್ದು. ಅದರಲ್ಲಿ ನಾಚಿಕೆಯಿಲ್ಲ.

ಈಗ ಕಾಗದವನ್ನು ಬರೆದ ಸೋದರಿಯ ಪ್ರಶ್ನೆಗೆ ಬರೋಣ. ಗೃಹಕೃತ್ಯವಿರುವವರಿಗೆ ಇಪ್ಪತ್ತೈದು ನಿಮಿಷಗಳು ಸಾಕು. ಹೊಟ್ಟೆಯು ಬರಿದಾಗಿರಬೇಕು, ಊಟವಾಗಿ ಮೂರು ನಾಲ್ಕು ಗಂಟೆಗಳಾದರೂ ಕಳೆದಿರಬೇಕು. ಬೆಳಿಗ್ಗೆ ಆಗದಿದ್ದರೆ ಸಂಜೆ ದೀಪ ಹಚ್ಚುವುದಕ್ಕೆ ಮುಂಚೆ ಮಾಡಬಹುದು. ಆದರೆ ವೇಳೆಯು ದಿನವೂ ಒಂದೇ ಆಗಿರಲಿ. ಮೊದಲು ತಾಡಾಸನದಲ್ಲಿ ನೆಟ್ಟಗೆ ನಿಂತು ಎರಡು ಪಾದಗಳಿಗೂ ಭಾರವು ಸಮವಾಗಿದೆಯೇ ಎಂದು ನೋಡಿಕೊಳ್ಳುವುದು. ಅನಂತರ ಗೋಡೆಯ ಪಕ್ಕದಲ್ಲಿ ವೃಕ್ಷಾಸನ. ಆಮೇಲೆ ಮಂಡಿಯನ್ನು ಸ್ವಲ್ಪ ಸಡಿಲಬಿಟ್ಟು, ಮುಂದೆ ಬಾಗಿ ಕೈಗಳನ್ನು ಕುರ್ಚಿಯ ಮೇಲಿಡುವುದು. ನೆಲವನ್ನು ಮುಟ್ಟಬೇಕೆಂಬ ಹಟವು ಬೇಡ. ಕೈಯನ್ನೂ ಮಂಡಿಯನ್ನೂ ಊರಿ ಬೆಕ್ಕಿನಂತೆ ಬೆನ್ನನ್ನು ಏರಿಸಿ ಇಳಿಸುವುದು. ಬೋರಲು ಮಲಗಿ ಭುಜಂಗಾಸನದಲ್ಲಿ ಎದೆಯನ್ನಷ್ಟೇ ಎತ್ತುವುದು. ಇಷ್ಟಕ್ಕೆ ಹದಿನೈದು ನಿಮಿಷ. ಅನಂತರ ಐದು ನಿಮಿಷ ಶವಾಸನ, ಐದು ನಿಮಿಷ ಉಸಿರಿನ ಎಣಿಕೆ. ಸೆಕೆಂಡಿಗೆ ಒಂದರಂತೆ ನಾಲ್ಕು ಎಣಿಸಿ ಒಳಕ್ಕೆ, ಆರು ಎಣಿಸಿ ಹೊರಕ್ಕೆ ಬಿಟ್ಟರೆ ನಿಮಿಷಕ್ಕೆ ಆರೇ ಉಸಿರಾಗುವುದನ್ನು ವಾಚಕರು ಲೆಕ್ಕಹಾಕಿಕೊಳ್ಳಬಹುದು. ಬಲವಂತವಾಗಿ ತಡೆದುಹಿಡಿಯುವುದು ಬೇಡ.

ಕೆಲವು ಎಚ್ಚರಿಕೆಗಳು ಅವಶ್ಯ. ರಕ್ತದ ಒತ್ತಡವು ಹೆಚ್ಚಿರುವವರು, ಗ್ಲಾಕೋಮಾ ಎಂಬ ಕಣ್ಣಿನ ರೋಗವಿರುವವರು ಶೀರ್ಷಾಸನದ ಗೋಜಿಗೆ ಹೋಗಬಾರದು. ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡವು ಬಹಳವಾಗಿ ಏರುತ್ತದೆ. ಗರ್ಭಿಣಿಯರೂ ಹೃದ್ರೋಗಿಗಳೂ ರಭಸದ ಕಪಾಲಭಾತಿಯನ್ನು ಮಾಡಕೂಡದು. ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿ ಆರಂಭಿಸಬೇಕು. ಯೋಗವನ್ನು ಹಿಡಿದೆನೆಂದು ಮಧುಮೇಹದ ಅಥವಾ ರಕ್ತದೊತ್ತಡದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವುದು ಮಹಾ ಅವಿವೇಕ. ನೋವು ಕಂಡೊಡನೆ ನಿಲ್ಲಿಸತಕ್ಕದ್ದು. ಸಾಧ್ಯವಾದರೆ ಮೊದಲ ಒಂದೆರಡು ತಿಂಗಳು ಬಲ್ಲವರ ಕಣ್ಣೆದುರಿಗೆ ಕಲಿಯುವುದು ಉತ್ತಮ. ಪುಸ್ತಕವು ಬೆನ್ನನ್ನು ನೋಡಲಾರದು.

ದಿನ ತಪ್ಪಿದರೆ ಏನು ಮಾಡಬೇಕೆಂದು ಕೇಳಬಹುದು. ಮನೆಯಲ್ಲಿ ಮದುವೆ, ಮುಂಜಿ, ಕಾಯಿಲೆ ಇದ್ದೇ ಇರುತ್ತವೆ. ತಪ್ಪಿದ ದಿನವನ್ನು ಮರುದಿನ ಎರಡರಷ್ಟು ಮಾಡಿ ತೀರಿಸಹೋಗಬಾರದು. ಮರುದಿನ ಎಂದಿನಷ್ಟನ್ನೇ ಮಾಡಬೇಕು. ಐದೇ ನಿಮಿಷಗಳು ಸಿಕ್ಕಿದರೆ ಐದು ನಿಮಿಷ ಉಸಿರನ್ನು ಎಣಿಸಿದರೂ ನೂಲು ಹರಿಯಲಿಲ್ಲವೆಂದೇ ಅರ್ಥ. ಮನೆಯಲ್ಲಿ ಒಬ್ಬರ ಅಭ್ಯಾಸಕ್ಕೆ ಮತ್ತೊಬ್ಬರು ಕಾವಲಾಗಿದ್ದರೆ ಅದು ಬಹುಕಾಲ ನಿಲ್ಲುತ್ತದೆ. ಹೆಂಗಸರು ಚಾಪೆಯ ಮೇಲಿರುವ ಇಪ್ಪತ್ತೈದು ನಿಮಿಷ ಗಂಡಸರು ಒಲೆಯ ಮೇಲಿನ ಹಾಲನ್ನು ನೋಡಿಕೊಂಡರೆ ಅದೂ ಯೋಗದಲ್ಲಿಯೇ ಸೇರೀತು. ನಮ್ಮ ಮನೆಯಲ್ಲಿ ಈಗ ನಾಲ್ಕು ವರ್ಷಗಳಿಂದ ಎರಡು ಚಾಪೆಗಳಿವೆ. ಅವಳ ಸರದಿಯಲ್ಲಿ ಹಾಲಿನ ಕೆಲಸವು ನನ್ನದು. ಎರಡು ಸಲ ಉಕ್ಕಿಸಿದ್ದೇನೆ.

ನಾನು ಕಳೆದ ವರ್ಷ ನಿವೃತ್ತನಾದೆನು. ಬೀಳ್ಕೊಡುವ ದಿನ ಮಕ್ಕಳೊಂದಿಗೆ ನೆಲದ ಮೇಲೆ ಕುಳಿತು ಊಟಮಾಡಿ, ಯಾರ ಹೆಗಲನ್ನೂ ಹಿಡಿಯದೆ ಎದ್ದೆ. ಪದ್ಮಾಸನವು ನನಗೆ ಇಂದಿಗೂ ಬಾರದು. ಹತ್ತು ವರ್ಷಗಳ ಹಿಂದೆ ಪ್ರಶ್ನೆಯನ್ನು ಕೇಳಿದ ಆ ಹುಡುಗನು ಈಗ ಎಲ್ಲಿದ್ದಾನೆಯೋ. ಎದುರಾದರೆ, “ಅಪ್ಪಾ, ಕಲಿಯುತ್ತಿದ್ದೇನೆ” ಎಂದು ಹೇಳುವೆನು.

ಸೋದರಿಯು ನಾಳೆ ಬೆಳಿಗ್ಗೆಯೇ ಆರಂಭಿಸಲಿ. ಒಂದು ತಿಂಗಳು ಕಳೆದ ಮೇಲೆ ಮತ್ತೊಂದು ಕಾಗದವನ್ನು ಬರೆಯಲಿ. ವಾಚಕರೆಲ್ಲರಿಗೂ ಆರೋಗ್ಯವೂ ನೆಮ್ಮದಿಯೂ ಉಂಟಾಗಲಿ.